48 ಮೆಗಾಪಿಕ್ಸೆಲ್ ಇದ್ದರೂ ಲೈಬ್ರರಿ ಮೇಡಂ ಮುಖ ಏಕೆ ಕಾಣಲಿಲ್ಲ?

ಕಳೆದ ವರ್ಷ ನಮ್ಮ ಕಾಲೇಜಿಗೆ ವಿಡಿಯೋ ಕ್ಯಾಮೆರಾ ತರಿಸಿದಾಗ ಯಾವುದನ್ನು ತರಿಸಬೇಕೆಂದು ಹೇಳಿದವನು ನಾನು. ಈ ಸಂಗತಿ ಸಾಂಸ್ಕೃತಿಕ ಸಮಿತಿಯ ನಾಲ್ಕೈದು ಜನರನ್ನು ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ಎಲ್ಲರಿಗೂ ಗೊತ್ತಾಗಲಿ ಎಂದೇ ಈಗ ಬರೆಯುತ್ತಿದ್ದೇನೆ. ಸಮಿತಿಯ ಸರ್ ನನ್ನನ್ನು ಕರೆದು, "ನಿನಗೆ ಇಂಥದ್ದೆಲ್ಲ ಗೊತ್ತಲ್ಲ, ಹನ್ನೊಂದು ಸಾವಿರದೊಳಗೆ ಒಳ್ಳೆಯದು ಯಾವುದಿದೆ ನೋಡು" ಎಂದಿದ್ದರು. ನಾನು ಒಂದು ರಾತ್ರಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಒಂದರ ಮೇಲೆ 20 ಮೆಗಾಪಿಕ್ಸೆಲ್ ಎಂದಿತ್ತು, ಇನ್ನೊಂದರ ಮೇಲೆ 24, ಮತ್ತೊಂದರ ಮೇಲೆ 48. ಬೆಲೆ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಯೋಚಿಸುವುದೇನು ಬಂತು? 48 ಎಂದೆ. ವಿದ್ಯಾರ್ಥಿ ಸಂಘದ ನಿಧಿಯಿಂದ ಹಣ ಹೋಯಿತು, ನಾಲ್ಕನೇ ದಿನಕ್ಕೆ ಪಾರ್ಸೆಲ್ ಬಂತು. ಯಾವ ಕಂಪನಿಯದೆಂದು ಬರೆಯುವುದಿಲ್ಲ. ಪೆಟ್ಟಿಗೆ ನೋಡಿ ಮರುಳಾದವನು ನಾನೇ.

ಆ ಕ್ಯಾಮೆರಾದ ಮೊದಲ ಕೆಲಸ ನಮ್ಮ ಲೈಬ್ರರಿ ಮೇಡಂ ಅವರ ಬೀಳ್ಕೊಡುಗೆ. ಮೂವತ್ತೊಂದು ವರ್ಷ ಇದೇ ಕಟ್ಟಡದಲ್ಲಿ ಕೆಲಸ ಮಾಡಿದವರು. ನನ್ನ ಅಕ್ಕ ಓದುವಾಗಲೂ ಅವರೇ ಇದ್ದರು. ಸಂಜೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಕರೆಂಟ್ ಹೋಯಿತು. ಜನರೇಟರ್ ಮೇಲೆ ಸಭಾಂಗಣದ ಅರ್ಧ ದೀಪಗಳು ಮಾತ್ರ ಉರಿಯುತ್ತವೆ. ಅವರು ಮೈಕ್ ಹಿಡಿದು ಎಂಟು ನಿಮಿಷ ಮಾತಾಡಿದರು, ಎರಡು ಸಲ ಗಂಟಲು ಕಟ್ಟಿತು, ಹುಡುಗಿಯರು ಅತ್ತರು. ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ. ಮರುದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಾಕಿ ನೋಡಿದರೆ ದನಿ ಸರಿಯಾಗಿಯೇ ಇದೆ. ಆದರೆ ಮುಖ ಇರುವ ಕಡೆ ಬಣ್ಣಬಣ್ಣದ ಕಾಳುಗಳು ಹುಳುಗಳ ಹಾಗೆ ಹರಿದಾಡುತ್ತಿವೆ. ಕಣ್ಣು ಎಲ್ಲಿ, ಕನ್ನಡಕ ಎಲ್ಲಿ ಎಂದು ಊಹಿಸಿಕೊಳ್ಳಬೇಕು. "ಮೇಡಂಗೆ ಒಂದು ಕಾಪಿ ಕೊಡಬೇಕಲ್ಲಪ್ಪ" ಎಂದು ಸರ್ ಅಂದದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅಮ್ಮಿಯ ತಮ್ಮ, ನನ್ನ ಮಾಮು, ಬಹಳ ವರ್ಷ ಮದುವೆ ವಿಡಿಯೋ ಮಾಡಿದವರು. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅವರಿಗೆ ತೋರಿಸಿದೆ. ಅವರು ಏನೂ ಹೇಳದೆ ಒಳಗೆ ಹೋಗಿ ಕಪಾಟಿನಿಂದ ಒಂದು ಹಳೆಯ ಟೇಪ್ ತಂದು, ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿ ಹಾಕಿದರು. 2006ರ ಒಂದು ಮೆಹೆಂದಿ ರಾತ್ರಿ. ಹಳ್ಳಿಯ ಮನೆ, ಪಡಸಾಲೆಯಲ್ಲಿ ಉರಿಯುತ್ತಿದ್ದುದು ಒಂದೇ ಟ್ಯೂಬ್‌ಲೈಟ್. ಮೂಲೆಯಲ್ಲಿ ನನ್ನ ನಾನಿ ಎಲೆ ಅಡಿಕೆ ಮಡಚುತ್ತ ಕೂತಿದ್ದಾರೆ. ಮುಖದ ಸುಕ್ಕು, ಮೂಗುತಿ, ನಗುವಾಗ ಕಾಣುವ ಕೆಂಪು ಹಲ್ಲು ಎಲ್ಲವೂ ಕಾಣುತ್ತದೆ. "ಇದರಲ್ಲಿ ಎಷ್ಟು ಮೆಗಾಪಿಕ್ಸೆಲ್ ಮಾಮು?" ಎಂದೆ. "ಮೆಗಾ ಎಲ್ಲಿಂದ ಬರಬೇಕು ಬೇಟಾ, ಅರ್ಧವೂ ಇಲ್ಲ. ನಾಲ್ಕೂವರೆ ಲಕ್ಷ" ಎಂದರು.

ಅದು ಸೋನಿ ಪಿಡಿ-170. ನಮ್ಮ ಕಡೆ ಒಂದು ಕಾಲದಲ್ಲಿ ಮದುವೆ ಮನೆಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಕ್ಯಾಮೆರಾ. ನಾಲ್ಕೂವರೆ ಲಕ್ಷದ ಕ್ಯಾಮೆರಾದಲ್ಲಿ ನಾನಿಯ ಮೂಗುತಿ ಕಾಣುತ್ತದೆ, 480 ಲಕ್ಷದ ಕ್ಯಾಮೆರಾದಲ್ಲಿ ಮೇಡಂ ಅವರ ಮುಖವೇ ಕಾಣುವುದಿಲ್ಲ. ಹೀಗೇಕೆ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಭೌತಶಾಸ್ತ್ರದ ಸರ್ ಇಲ್ಲದಿದ್ದರೆ ಇನ್ನೂ ತಿಳಿಯುತ್ತಿರಲಿಲ್ಲ.

ಮೊದಲು ವಿಡಿಯೋಗೆ ಎಷ್ಟು ಪಿಕ್ಸೆಲ್ ಬೇಕು ಎಂಬುದನ್ನು ನೋಡೋಣ. ಇದು ಬರೀ ಗುಣಾಕಾರ. ಲೆನ್ಸಿನ ಹಿಂದೆ ಉಗುರಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ ಒಂದು ಸಿಲಿಕಾನ್ ಹಲ್ಲೆ ಇರುತ್ತದೆ. ಅದೇ ಸೆನ್ಸರ್. ಅದರ ಮೇಲೆ ಚೌಕಾಬಾರದ ಮನೆಗಳ ಹಾಗೆ ಇರುವ ಬೆಳಕಿನ ಗುಣಿಗಳೇ ಪಿಕ್ಸೆಲ್‌ಗಳು. ಹಳೆಯ ಟೇಪಿನ ಡಿವಿ ವಿಡಿಯೋದಲ್ಲಿ, ಭಾರತದಲ್ಲಿ ಬಳಸುವ ಪಾಲ್ ಪದ್ಧತಿಯಂತೆ, ಒಂದು ಚಿತ್ರಕ್ಕೆ 720 ಅಡ್ಡ, 576 ಉದ್ದ, ಒಟ್ಟು 4,14,720 ಚುಕ್ಕೆಗಳು. ಫುಲ್ ಎಚ್‌ಡಿ ಎಂದರೆ 1920 ಗುಣಿಸು 1080, ಅಂದರೆ 20,73,600. ಈಗ ಎಲ್ಲರ ಬಾಯಲ್ಲಿರುವ 4ಕೆ ಎಂದರೆ 3840 ಗುಣಿಸು 2160, ಅಂದರೆ 82,94,400. ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ. ಹಾಗಾಗಿ ಡಿವಿಗೆ ಅರ್ಧ ಮೆಗಾಪಿಕ್ಸೆಲ್ ಸಾಕು, ಫುಲ್ ಎಚ್‌ಡಿಗೆ ಎರಡು, 4ಕೆಗೆ ಎಂಟೂಕಾಲು. ಮಾಮು ಕ್ಯಾಮೆರಾದ ನಾಲ್ಕೂವರೆ ಲಕ್ಷ ಆ ಕಾಲದ ಟೇಪಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗಿತ್ತು. ನಮ್ಮ 48 ಮಾತ್ರ 4ಕೆಗೆ ಬೇಕಾದದ್ದಕ್ಕಿಂತಲೂ ಸುಮಾರು ಆರು ಪಟ್ಟು. ಉಳಿದದ್ದೆಲ್ಲ ಯಾತಕ್ಕೆ?

ಅದೂ ನಿಜವಾದ 48 ಆಗಿರಲಿಲ್ಲ. ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಸೆನ್ಸರ್ 13 ಮೆಗಾಪಿಕ್ಸೆಲ್ ಎಂದೂ 48 ಎಂಬುದು ಇಂಟರ್‌ಪೊಲೇಶನ್‌ನಿಂದ ಬಂದದ್ದೆಂದೂ ಇತ್ತು. ಎರಡು ಚುಕ್ಕೆಗಳ ನಡುವೆ ಇಲ್ಲದ ಚುಕ್ಕೆಯನ್ನು ಸಾಫ್ಟ್‌ವೇರ್ ಅಂದಾಜಿನಲ್ಲಿ ತುಂಬುವುದಕ್ಕೆ ಆ ಹೆಸರು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಆರು ರೀಡಿಂಗ್ ತೆಗೆದು ಇಪ್ಪತ್ತು ಬರೆಯುವವರು ನಮ್ಮಲ್ಲೂ ಇದ್ದಾರೆ. ಇದು ಅದೇ ವಿದ್ಯೆ. ಇನ್ನು ಮುಂದೆ 48ನ್ನು ಬಿಟ್ಟು 13 ಎಂದೇ ಲೆಕ್ಕ ಹಾಕೋಣ.

ಈಗ ಕಾಳುಕಾಳಾಗುವುದರ ಕಾರಣ. ನಮ್ಮ ಕಾಲೇಜಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದಾರೆ, ಮೆಟ್ಟಿಲ ಬಳಿ ಮಾತ್ರ ದೊಡ್ಡ ಕಲ್ಲು ಚಪ್ಪಡಿಗಳಿವೆ. ಜೂನ್ ತಿಂಗಳಲ್ಲಿ ಮಳೆಯ ಮೊದಲ ಹನಿಗಳು ಬೀಳುವಾಗ ಸುಮ್ಮನೆ ನಿಂತು ನೋಡಿ. ಒಂದು ಇಂಟರ್‌ಲಾಕ್ ಮೇಲೆ ಮೂರು ಹನಿ, ಪಕ್ಕದ್ದರ ಮೇಲೆ ಒಂದೂ ಇಲ್ಲ, ಅದರಾಚೆಯದ್ದರ ಮೇಲೆ ಒಂದು. ಮಳೆ ಎಲ್ಲ ಕಡೆ ಒಂದೇ ಸಮ ಬರುತ್ತಿದ್ದರೂ ಅಂಗಳ ಮಾತ್ರ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಚಪ್ಪಡಿಗಳನ್ನು ನೋಡಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನೆನೆದಿರುತ್ತವೆ. ಮಳೆ ಜೋರಾದ ಮೇಲೆ ಇಂಟರ್‌ಲಾಕಿಗೂ ಚಪ್ಪಡಿಗೂ ವ್ಯತ್ಯಾಸವೇ ಕಾಣುವುದಿಲ್ಲ.

ಬೆಳಕೂ ಹನಿಹನಿಯಾಗಿಯೇ ಬರುತ್ತದೆ. ದ್ವಿತೀಯ ಪಿಯುಸಿಯವರು ಫೋಟಾನ್ ಪಾಠ ಓದಿದ್ದೀರಿ. ಸೆನ್ಸರಿನೊಳಗೆ ಫೋಟಾನ್ ಬಿದ್ದರೆ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ದ್ಯುತಿವಿದ್ಯುತ್ ಪರಿಣಾಮದ ಪಾಠದಲ್ಲಿ ಲೋಹದ ಹೊರಗೆ ಹಾರುವ ಎಲೆಕ್ಟ್ರಾನ್ ಇಲ್ಲಿ ಸಿಲಿಕಾನ್ ಒಳಗೇ ಉಳಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಕ್ಯಾಮೆರಾ ಈ ಎಲೆಕ್ಟ್ರಾನ್‌ಗಳನ್ನು ಎಣಿಸುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬೀಳುವಲ್ಲಿ ಎಣಿಕೆ ಸುಮಾರು 100ರಷ್ಟು ಹಿಂದೆ ಮುಂದೆ ಆಗುತ್ತದೆ, ಅಂದರೆ ಅದರ ವರ್ಗಮೂಲದಷ್ಟು. ಇದು ನೂರಕ್ಕೆ ಒಂದು ಪಾಲು, ಕಣ್ಣಿಗೆ ಕಾಣದು. ಅದೇ ಜಾಗಕ್ಕೆ 100 ಫೋಟಾನ್ ಮಾತ್ರ ಬಿದ್ದರೆ ಏರಿಳಿತ 10, ಅಂದರೆ ನೂರಕ್ಕೆ ಹತ್ತು ಪಾಲು. ಬಿಳಿ ಗೋಡೆಯೂ ಮರಳು ಕಾಗದದ ಹಾಗೆ ಕಾಣುತ್ತದೆ. ಇದನ್ನು ನಾಯ್ಸ್ ಎನ್ನುತ್ತಾರೆ. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಗೇನ್ ಏರಿಸಿ ಚಿತ್ರವನ್ನು ಬೆಳ್ಳಗೆ ಮಾಡುತ್ತದಲ್ಲ, ಆಗ ಬೆಳಕೂ ಹಿಗ್ಗುತ್ತದೆ, ನಾಯ್ಸೂ ಹಿಗ್ಗುತ್ತದೆ.

ಮಾಮು ಕ್ಯಾಮೆರಾದ ಸೆನ್ಸರ್ 1/3 ಇಂಚಿನದು. ಈ ಇಂಚಿನ ಲೆಕ್ಕವೇ ಒಂದು ಮೋಸ. ಹಳೆಯ ಟಿವಿ ಕ್ಯಾಮೆರಾಗಳಲ್ಲಿದ್ದ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದದ್ದದು. 1/3 ಇಂಚು ಎಂದರೆ ನಿಜದಲ್ಲಿ ಸುಮಾರು 4.8 ಮಿಲಿಮೀಟರ್ ಅಗಲ, 3.6 ಎತ್ತರ. ಇಷ್ಟು ಜಾಗದಲ್ಲಿ ನಾಲ್ಕೂವರೆ ಲಕ್ಷ ಪಿಕ್ಸೆಲ್ ಹರಡಿದರೆ ಒಂದೊಂದರ ಬದಿ ಸುಮಾರು 6.2 ಮೈಕ್ರಾನ್. ನಮ್ಮ ಕಾಲೇಜು ಕ್ಯಾಮೆರಾದ ಸೆನ್ಸರ್ ಕೂಡ ಹೆಚ್ಚುಕಡಿಮೆ ಅದೇ ಗಾತ್ರದ್ದು, ಕೈಪಿಡಿಯಲ್ಲಿದೆ. ಆದರೆ ಅಲ್ಲಿ 130 ಲಕ್ಷ ಪಿಕ್ಸೆಲ್, ಬದಿ 1.12 ಮೈಕ್ರಾನ್. ವಿಸ್ತೀರ್ಣದ ಲೆಕ್ಕ ಹಾಕಿ: ಒಂದು 38 ಚದರ ಮೈಕ್ರಾನ್, ಇನ್ನೊಂದು ಒಂದೂಕಾಲು. ಮೂವತ್ತು ಪಟ್ಟು ವ್ಯತ್ಯಾಸ. ಚಪ್ಪಡಿ ಯಾವುದು, ಇಂಟರ್‌ಲಾಕ್ ಯಾವುದು ಎಂದು ಹೇಳಬೇಕಾಗಿಲ್ಲ.

ಇನ್ನೊಂದು ಗುಟ್ಟೂ ಇದೆ. ಮಾಮು ಕ್ಯಾಮೆರಾದಲ್ಲಿ ಸೆನ್ಸರ್ ಒಂದಲ್ಲ, ಮೂರು. ಲೆನ್ಸಿನ ಹಿಂದೆ ಒಂದು ಪಟ್ಟಕ ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಒಡೆದು ಮೂರು ಸಿಸಿಡಿಗಳಿಗೆ ಹಂಚುತ್ತದೆ. ಬಂದ ಬೆಳಕು ಹೆಚ್ಚೇನೂ ಪೋಲಾಗುವುದಿಲ್ಲ. ನಮ್ಮದರಲ್ಲಿ, ಈಗಿನ ಬಹುಪಾಲು ಕ್ಯಾಮೆರಾಗಳಲ್ಲಿರುವಂತೆ, ಸೆನ್ಸರ್ ಒಂದೇ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಂತೆ ಪ್ರತಿ ಪಿಕ್ಸೆಲ್ ಮೇಲೂ ಒಂದೊಂದು ಬಣ್ಣದ ಗಾಜು ಕೂತಿರುತ್ತದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರು ಗಾಜು ಕೆಂಪನ್ನೂ ನೀಲಿಯನ್ನೂ ನುಂಗುತ್ತದೆ. ಬಂದ ಅಲ್ಪ ಬೆಳಕಿನಲ್ಲೂ ದೊಡ್ಡ ಪಾಲು ಹೀಗೆ ಬಾಗಿಲಲ್ಲೇ ಸೋರಿ ಹೋಗುತ್ತದೆ.

"ಹಾಗಾದರೆ ನನ್ನ ಮೊಬೈಲಿನಲ್ಲಿ ರಾತ್ರಿ ಫೋಟೋ ಚೆನ್ನಾಗಿಯೇ ಬರುತ್ತದಲ್ಲ?" ಎಂದು ನನ್ನ ಬೆಂಚಿನ ಗೆಳೆಯ ಕೇಳಿದ. ಫೋಟೋಗೆ ಒಂದು ಸೌಕರ್ಯವಿದೆ, ಅದು ಕಾಯಬಹುದು. ಒಂದೆರಡು ಸೆಕೆಂಡು ಬೆಳಕು ಕೂಡಿಹಾಕಿಕೊಂಡು ಆಮೇಲೆ ಚಿತ್ರ ಕೊಡಬಹುದು. ವಿಡಿಯೋಗೆ ಆ ಭಾಗ್ಯವಿಲ್ಲ. ಸೆಕೆಂಡಿಗೆ 25 ಚಿತ್ರ ಬೇಕು, ಒಂದಕ್ಕೆ ಹೆಚ್ಚೆಂದರೆ 1/25 ಸೆಕೆಂಡು, ಸಾಮಾನ್ಯವಾಗಿ 1/50. ಅಷ್ಟರಲ್ಲಿ ಗುಣಿಗೆ ಬಿದ್ದದ್ದೇ ಅದರ ಪಾಲು. ಸಾಲದ್ದಕ್ಕೆ ವಿಡಿಯೋವನ್ನು ಕುಗ್ಗಿಸಿ ಕಾರ್ಡಿಗೆ ಬರೆಯುವ ಪ್ರೊಸೆಸರ್‌ಗೆ ಈ ಕಾಳುಗಳ ಗುರುತು ಹತ್ತುವುದಿಲ್ಲ. ಪ್ರತಿ ಚಿತ್ರದಲ್ಲೂ ಜಾಗ ಬದಲಿಸುವ ಕಾಳುಗಳನ್ನು ಅದು ಚಲನೆ ಎಂದುಕೊಂಡು ಜಾಗವನ್ನೆಲ್ಲ ಅವಕ್ಕೇ ಖರ್ಚುಮಾಡುತ್ತದೆ. ಮುಖದ ಗೆರೆಗಳಿಗೆ ಉಳಿಯುವುದು ಸ್ವಲ್ಪವೇ. ಮೇಡಂ ಅವರ ಕೆನ್ನೆಯ ಮೇಲೆ ಚೌಕಚೌಕವಾಗಿ ಕಾಣುತ್ತಿದ್ದುದು ಇದೇ.

ದೊಡ್ಡ ಕಂಪನಿಗಳೂ ಈ ಪಾಠ ಕಲಿತಿವೆ. ಕ್ಯಾನನ್‌ನ ಎಚ್‌ಎಫ್-ಎಸ್ ಸರಣಿಯ ಮನೆಬಳಕೆ ಕ್ಯಾಮ್‌ಕಾರ್ಡರ್‌ಗಳಲ್ಲಿ 2009ರ ಹೊತ್ತಿಗೆ 1/2.6 ಇಂಚಿನ ಸೆನ್ಸರಿನಲ್ಲಿ ಸುಮಾರು 86 ಲಕ್ಷ ಪಿಕ್ಸೆಲ್ ಇದ್ದವು. ವಿಡಿಯೋ ಜೊತೆಗೆ ದೊಡ್ಡ ಫೋಟೋವನ್ನೂ ತೆಗೆಯಬಹುದು ಎಂಬುದು ಅದರ ಆಕರ್ಷಣೆ. 2011ರಲ್ಲಿ ಬಂದ ಎಚ್‌ಎಫ್ ಜಿ10ರಲ್ಲಿ ಅದೇ ಕಂಪನಿ ಪಿಕ್ಸೆಲ್ ಎಣಿಕೆಯನ್ನು ಇಳಿಸಿತು. 1/3 ಇಂಚಿನ ಸೆನ್ಸರ್, ವಿಡಿಯೋಗೆ ಬಳಕೆಯಾಗುವುದು 20.7 ಲಕ್ಷ, ಅಂದರೆ ಕರಾರುವಾಕ್ಕಾಗಿ 1920 ಗುಣಿಸು 1080. ಸೆನ್ಸರ್ ತುಸು ಚಿಕ್ಕದಾದರೂ ಒಂದೊಂದು ಪಿಕ್ಸೆಲ್ ದೊಡ್ಡದಾಯಿತು, ಮಂದ ಬೆಳಕಿನ ವಿಡಿಯೋ ಸುಧಾರಿಸಿತು, ಫೋಟೋ ಮಾತ್ರ ಎರಡು ಮೆಗಾಪಿಕ್ಸೆಲ್‌ಗೆ ಇಳಿಯಿತು. ಎಣಿಕೆ ಕಮ್ಮಿಯಾದ ಕ್ಯಾಮೆರಾವನ್ನು ಮೇಲ್ದರ್ಜೆಯದೆಂದು ಮಾರಲು ಧೈರ್ಯ ಬೇಕು!

ಇದರ ಕೊನೆಯ ತುದಿ ನೋಡಬೇಕೆಂದರೆ ಅದೇ ಕಂಪನಿ 2015ರಲ್ಲಿ ಪ್ರಕಟಿಸಿದ ಎಂಇ20ಎಫ್-ಎಸ್‌ಎಚ್ ಎಂಬ ಕ್ಯಾಮೆರಾ. ಹಳೆಯ ಫಿಲ್ಮ್ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್, ಅಂದರೆ 36 ಗುಣಿಸು 24 ಮಿಲಿಮೀಟರ್. ಅದರಲ್ಲಿ ಇರುವುದು ಬರೇ 22.6 ಲಕ್ಷ ಪಿಕ್ಸೆಲ್. ಒಂದೊಂದರ ಬದಿ 19 ಮೈಕ್ರಾನ್. ಬೆಳದಿಂಗಳಿಲ್ಲದ ರಾತ್ರಿಯಲ್ಲೂ ಬಣ್ಣದ ವಿಡಿಯೋ ತೆಗೆಯುತ್ತದೆ. ಬಂದಾಗ ಅದರ ಬೆಲೆ ಸುಮಾರು 30,000 ಡಾಲರ್ ಇತ್ತು. ಸೋನಿಯವರೂ 2014ರಲ್ಲಿ ವಿಡಿಯೋದವರಿಗಾಗಿ ತಂದ ಎ7ಎಸ್‌ನಲ್ಲಿ 12 ಮೆಗಾಪಿಕ್ಸೆಲ್ ಮಾತ್ರ ಇಟ್ಟರು. ಅದೇ ಗಾತ್ರದ ಸೆನ್ಸರಿನ ಅವರ ಇನ್ನೊಂದು ಕ್ಯಾಮೆರಾದಲ್ಲಿ ಆಗಲೇ 36 ಇತ್ತು.

ಇಷ್ಟು ಓದಿದ ಮೇಲೆ ನನಗೆ ಜ್ಞಾನೋದಯವಾಯಿತು ಎಂದುಕೊಂಡೆ. "ಪಿಕ್ಸೆಲ್ ಕಮ್ಮಿ ಇದ್ದಷ್ಟೂ ವಿಡಿಯೋ ಚೆನ್ನ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಭೌತಶಾಸ್ತ್ರದ ಸರ್‌ಗೆ ತೋರಿಸಿದೆ. ಅವರು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದರು. "ಅಂಗಳಕ್ಕೆ ಬಿದ್ದ ಒಟ್ಟು ಮಳೆ ಎಷ್ಟು ಎಂಬುದನ್ನು ಇಂಟರ್‌ಲಾಕ್ ನಿರ್ಧರಿಸುತ್ತದಾ?" ಎಂದರು.

ನಾನು ಸುಮ್ಮನೆ ನಿಂತೆ. ಅವರೇ ಬಿಡಿಸಿ ಹೇಳಿದರು. ಒಟ್ಟು ಬೆಳಕನ್ನು ನಿರ್ಧರಿಸುವುದು ಲೆನ್ಸಿನ ಬಾಯಿ ಮತ್ತು ಸೆನ್ಸರಿನ ವಿಸ್ತೀರ್ಣ, ಪಿಕ್ಸೆಲ್ ಎಣಿಕೆಯಲ್ಲ. ನಾಲ್ಕು ಚಿಕ್ಕ ಪಿಕ್ಸೆಲ್‌ಗಳ ಎಣಿಕೆಯನ್ನು ಕೂಡಿಸಿ ಒಂದು ಮಾಡಿದರೆ ಬೆಳಕು ನಾಲ್ಕು ಪಟ್ಟು, ಏರಿಳಿತ ಎರಡೇ ಪಟ್ಟು, ಅಂದರೆ ಚಿತ್ರ ಎರಡರಷ್ಟು ನುಣುಪು. ನಾಲ್ಕು ಇಂಟರ್‌ಲಾಕ್ ಸೇರಿಸಿದರೆ ಒಂದು ಚಪ್ಪಡಿ ಆದೀತು. ಮೊಬೈಲ್ ಫೋನಿನವರು ಮಾಡುವುದೂ ಇದನ್ನೇ. 2020ರ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾದಲ್ಲಿ 108 ಮೆಗಾಪಿಕ್ಸೆಲ್ ಇದ್ದವು, ಒಂದೊಂದು 0.8 ಮೈಕ್ರಾನ್. ಆದರೆ ಸಾಮಾನ್ಯ ಬಳಕೆಯಲ್ಲಿ ಒಂಬತ್ತನ್ನು ಒಂದಾಗಿಸಿ 2.4 ಮೈಕ್ರಾನಿನ 12 ಮೆಗಾಪಿಕ್ಸೆಲ್ ಆಗಿ ಕೆಲಸ ಮಾಡುತ್ತಿತ್ತು. ಜಾಹೀರಾತಿನಲ್ಲಿ 108, ಜೇಬಿನಲ್ಲಿ 12.

ಹೆಚ್ಚು ಪಿಕ್ಸೆಲ್‌ಗಳನ್ನು ಸರಿಯಾಗಿ ಬಳಸಿದರೆ ವಿಡಿಯೋ ಎಷ್ಟು ಚೆನ್ನಾಗುತ್ತದೆ ಎಂಬುದಕ್ಕೂ ಸರ್ ಒಂದು ಉದಾಹರಣೆ ಕೊಟ್ಟರು. 2011ರ ಕೊನೆಯಲ್ಲಿ ಪ್ರಕಟವಾದ ಕ್ಯಾನನ್ ಸಿ300 ಫುಲ್ ಎಚ್‌ಡಿ ಕ್ಯಾಮೆರಾ, ಬೇಕಾದದ್ದು 20.7 ಲಕ್ಷ ಚುಕ್ಕೆ. ಆದರೆ ಸೆನ್ಸರಿನಲ್ಲಿ ಅದರ ನಾಲ್ಕರಷ್ಟು, ಅಂದರೆ ಸುಮಾರು 83 ಲಕ್ಷ. ಏಕೆಂದರೆ ಪ್ರತಿ ಚುಕ್ಕೆಗೂ ತನ್ನದೇ ಒಂದು ಕೆಂಪು, ಒಂದು ನೀಲಿ, ಎರಡು ಹಸಿರು ಪಿಕ್ಸೆಲ್ ಸಿಗುತ್ತದೆ. ಬೇಯರ್ ಜೋಡಣೆಯಲ್ಲಿ ಪಕ್ಕದವರಿಂದ ಬಣ್ಣ ಕೇಳಿ ಊಹಿಸುವ ಗೊಡವೆಯೇ ಇಲ್ಲ. ಸೆನ್ಸರೂ ಸಿನಿಮಾ ಫಿಲ್ಮಿನಷ್ಟು ದೊಡ್ಡದಾದ್ದರಿಂದ ಪಿಕ್ಸೆಲ್‌ಗಳು ಚಿಕ್ಕವಾಗಲಿಲ್ಲ.

"ಹಾಗಾದರೆ ನಮ್ಮ ಕ್ಯಾಮೆರಾ ಏಕೆ ಕೂಡಿಸಲಿಲ್ಲ ಸರ್?" ಎಂದೆ. "ಅದು ಕೂಡಿಸುತ್ತದೋ ಎಸೆಯುತ್ತದೋ ನೋಡೋಣ ಬಾ" ಎಂದು ಸಭಾಂಗಣಕ್ಕೆ ಕರೆದುಕೊಂಡು ಹೋದರು. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿದೆಯಲ್ಲ, ಅದನ್ನು ಹತ್ತು ಹೆಜ್ಜೆ ದೂರದಿಂದ ವಿಡಿಯೋ ಮಾಡಿಸಿದರು. ಪರದೆಯ ಮೇಲೆ ಜಾಲರಿ ಕಾಣಲಿಲ್ಲ. ಅದರ ಬದಲು ಗುಲಾಬಿ, ಹಸಿರು ಅಲೆಗಳು ಕಿಟಕಿಯ ತುಂಬ ತೇಲಾಡಿದವು, ಕ್ಯಾಮೆರಾ ಸ್ವಲ್ಪ ಅಲುಗಿದರೆ ಅಲೆಯೂ ಹರಿಯುತ್ತಿತ್ತು. ಇದಕ್ಕೆ ಮೋಯಿರೆ ಎಂದು ಹೆಸರು. 130 ಲಕ್ಷ ಪಿಕ್ಸೆಲ್‌ಗಳನ್ನು ಸೆಕೆಂಡಿಗೆ 25 ಸಲ ಓದಬೇಕೆಂದರೆ 32 ಕೋಟಿಗೂ ಹೆಚ್ಚು ಎಣಿಕೆ. ಅಗ್ಗದ ಪ್ರೊಸೆಸರ್‌ಗೆ ಆಗದ ಮಾತು. ಹಾಗಾಗಿ ಅದು ಒಂದು ಸಾಲು ಓದಿ ಮುಂದಿನ ಸಾಲುಗಳನ್ನು ಹಾರಿ ಹೋಗುತ್ತದೆ. ಹಾರಿಹೋದ ಸಾಲುಗಳ ಮೇಲೆ ಬಿದ್ದ ಬೆಳಕು ನೀರಿಗೆ ಹೋದ ಹಾಗೆ. ಜಾಲರಿಯ ಎಳೆಗೂ ಓದುವ ಸಾಲಿಗೂ ತಾಳ ತಪ್ಪಿದಾಗ ಆ ಬಣ್ಣದ ಅಲೆಗಳು ಹುಟ್ಟುತ್ತವೆ. ಇದು ಅಗ್ಗದವುಗಳ ರೋಗ ಮಾತ್ರವಲ್ಲ. 2008ರಲ್ಲಿ ಬಂದು ವಿಡಿಯೋ ಲೋಕವನ್ನೇ ಬದಲಿಸಿದ ಕ್ಯಾನನ್ 5ಡಿ ಮಾರ್ಕ್ 2ರಲ್ಲೂ 21 ಮೆಗಾಪಿಕ್ಸೆಲ್‌ನಿಂದ ಎರಡಕ್ಕೆ ಇಳಿಯಲು ಸಾಲು ಹಾರಿಸುತ್ತಿದ್ದರು, ಗೀರಿನ ಅಂಗಿ ತೊಟ್ಟವರನ್ನು ತೆಗೆದರೆ ಇದೇ ಅಲೆ. ಅದರ ಸೆನ್ಸರ್ ಅಷ್ಟು ದೊಡ್ಡದಾದ್ದರಿಂದ ಕತ್ತಲಲ್ಲಿ ಬಚಾವಾಯಿತು, ನಮ್ಮದು ಆಗಲಿಲ್ಲ.

ಕೂಡಿಸಿದರೂ ಪೂರ್ತಿ ಲಾಭವಿಲ್ಲದಿರಲು ಇನ್ನೊಂದು ಕಾರಣವಿದೆ. ಪ್ರತಿ ಪಿಕ್ಸೆಲ್ ಓದುವಾಗಲೂ ಸರ್ಕ್ಯೂಟ್ ತನ್ನದೇ ಆದ ಒಂದಿಷ್ಟು ತಪ್ಪು ಸೇರಿಸುತ್ತದೆ. ಗುಣಿಯಲ್ಲಿ ಸಾವಿರ ಎಲೆಕ್ಟ್ರಾನ್ ಇದ್ದರೆ ನಾಲ್ಕೈದರ ತಪ್ಪು ಲೆಕ್ಕಕ್ಕಿಲ್ಲ. ಹತ್ತೇ ಇದ್ದರೆ? ಲೆನ್ಸಿನ ಕಡೆಯಿಂದಲೂ ಒಂದು ಮಿತಿಯಿದೆ, ನಮ್ಮ ವಿವರ್ತನೆಯ ಪಾಠದಲ್ಲಿರುವುದೇ. ದುಂಡು ಬಾಯಿಯ ಲೆನ್ಸ್ ಒಂದು ಬಿಂದುವನ್ನು ಬಿಂದುವಾಗಿ ಮೂಡಿಸದೆ ಚಿಕ್ಕ ತಟ್ಟೆಯಾಗಿ ಮೂಡಿಸುತ್ತದೆ. ಅದರ ವ್ಯಾಸ 2.44 ಗುಣಿಸು ತರಂಗಾಂತರ ಗುಣಿಸು ಎಫ್ ಸಂಖ್ಯೆ. ಹಸಿರು ಬೆಳಕಿಗೆ 0.55 ಮೈಕ್ರಾನ್, ಎಫ್ 2.8 ಎಂದು ಹಾಕಿದರೆ ಸುಮಾರು 3.8 ಮೈಕ್ರಾನ್. ನಮ್ಮ ಕ್ಯಾಮೆರಾದ ಮೂರು ಪಿಕ್ಸೆಲ್ ಒಂದರ ಪಕ್ಕ ಒಂದಿಟ್ಟರೂ ಅದರೊಳಗೇ ಮುಳುಗುತ್ತವೆ. ದಪ್ಪ ಮೊನೆಯ ಸ್ಕೆಚ್ ಪೆನ್ನಿನಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದ ಹಾಗೆ, ಚೌಕಗಳು ಎಷ್ಟೇ ಸಣ್ಣವಿದ್ದರೂ ಗೆರೆ ದಪ್ಪವೇ.

ಆದರೂ ಮಾಮು ಕ್ಯಾಮೆರಾಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಮುಂದಿನ ಭಾನುವಾರ ಎರಡನ್ನೂ ಮೈದಾನಕ್ಕೆ ಒಯ್ದು ಬಿಸಿಲಲ್ಲಿ ಕಬಡ್ಡಿ ಆಡುವವರನ್ನು ಒಂದೇ ದೂರದಿಂದ ತೆಗೆದೆವು. ಲ್ಯಾಬಿನ ದೊಡ್ಡ ಪರದೆಯಲ್ಲಿ ಹಾಕಿದಾಗ ನಮ್ಮ ಬಡಪಾಯಿ ಕ್ಯಾಮೆರಾದಲ್ಲಿ ಜೆರ್ಸಿಯ ಅಂಕಿ ಓದಲು ಬಂತು, ಮಾಮು ಟೇಪಿನಲ್ಲಿ ಅಂಕಿ ಬರೇ ಬಿಳಿ ಮಚ್ಚೆ. ಬಿಸಿಲೆಂದರೆ ಒಂದು ಲಕ್ಷ ಲಕ್ಸ್‌ನಷ್ಟು ಬೆಳಕು. ಸಭಾಂಗಣದಲ್ಲಿ ಎಲ್ಲ ಟ್ಯೂಬ್ ಹಾಕಿದರೂ ಒಂದೆರಡು ನೂರು ದಾಟುವುದು ಕಷ್ಟ. ಜಡಿಮಳೆಯಲ್ಲಿ ಇಂಟರ್‌ಲಾಕಿಗೂ ಹನಿಗಳ ಕೊರತೆಯಿಲ್ಲ. ಚಿತ್ರ ಅಗಲವಾಗಿ ಬೇಕೆಂದರೂ ಹಳೆಯದು ಸೋಲುತ್ತದೆ. ಈಗಿನ 16:9 ಆಕಾರಕ್ಕೆ ಹಳೆಯ 4:3 ಸೆನ್ಸರಿನ ಮೇಲೂ ಕೆಳಗೂ ಕತ್ತರಿಸಿದರೆ 576 ಸಾಲುಗಳಲ್ಲಿ ಉಳಿಯುವುದು 432. ಕೈ ನಡುಕವನ್ನು ಎಲೆಕ್ಟ್ರಾನಿಕ್ ಆಗಿ ಸರಿಪಡಿಸುವುದಕ್ಕೂ ಸುತ್ತ ಒಂದಿಷ್ಟು ಹೆಚ್ಚುವರಿ ಪಿಕ್ಸೆಲ್ ಅಂಚು ಬೇಕು. ವಿಡಿಯೋಗೆ ಬೇಕಾದದ್ದಕ್ಕಿಂತ ಪಿಕ್ಸೆಲ್ ಕಮ್ಮಿಯಿದ್ದರೆ ಯಾವ ಬೆಳಕೂ ಅದನ್ನು ತುಂಬಿಕೊಡದು.

ಹಾಗಾಗಿ ಈಗ ಯಾರಾದರೂ ಕ್ಯಾಮೆರಾ ಯಾವುದು ಕೊಳ್ಳಲಿ ಎಂದು ಕೇಳಿದರೆ ನಾನು ಮೊದಲು ಸೆನ್ಸರಿನ ಗಾತ್ರ ಕೇಳುತ್ತೇನೆ, ಆಮೇಲೆ ಲೆನ್ಸಿನ ಎಫ್ ಸಂಖ್ಯೆ, ಚಿಕ್ಕದಿದ್ದಷ್ಟೂ ಒಳ್ಳೆಯದು. ಪಿಕ್ಸೆಲ್ ಎಣಿಕೆ ತಾನು ಬರೆಯುವ ವಿಡಿಯೋಗೆ ಸಾಲುವಷ್ಟಿದೆಯೇ ಎಂದು ನೋಡಿ ಅಲ್ಲಿಗೆ ಬಿಡುತ್ತೇನೆ. ಸೆನ್ಸರ್ ಗಾತ್ರವನ್ನೇ ಬರೆಯದೆ ಮೆಗಾಪಿಕ್ಸೆಲ್ ಮಾತ್ರ ದಪ್ಪಕ್ಷರದಲ್ಲಿ ಬರೆದಿದ್ದರೆ ಆ ಪುಟ ಮುಚ್ಚಿ. ಅಂಗಡಿಯಲ್ಲಿ ಸಿಕ್ಕರೆ ದೀಪದ ಕೆಳಗಲ್ಲ, ಮೇಜಿನ ಅಡಿಗೆ ಹಿಡಿದು ತೆಗೆದು ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಕಾಲೇಜಿಗೆ ಇನ್ನೊಂದು ಕ್ಯಾಮೆರಾ ಕೊಳ್ಳಲು ಹಣವಿಲ್ಲ. ಇರುವುದರಲ್ಲೇ ಆಗುವುದನ್ನು ಮಾಡಿದ್ದೇವೆ. ಅದರ 4ಕೆ ಎಂಬುದೂ ಹಿಗ್ಗಿಸಿದ್ದೇ ಎಂದು ಗೊತ್ತಾದ್ದರಿಂದ ಈಗ ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 25 ಚಿತ್ರದಲ್ಲಿ ಇಟ್ಟಿದ್ದೇವೆ. ಡಿಜಿಟಲ್ ಜೂಮ್ ಮುಟ್ಟುವುದಿಲ್ಲ, ಬೇಕಾದರೆ ಕ್ಯಾಮೆರಾ ಹಿಡಿದವರೇ ಮುಂದೆ ಹೋಗಿ ಕೂರುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯಿಂದ ಎರಡು ಎಲ್‌ಇಡಿ ಫ್ಲಡ್‌ಲೈಟ್ ತಂದು ವೇದಿಕೆಯ ಎರಡೂ ಬದಿಗೆ ಕಟ್ಟಿದ್ದೇವೆ, ಜನರೇಟರ್ ಲೈನಿಗೇ ಕೊಡಿಸಿದ್ದೇವೆ. ಈ ಸಲದ ವಾರ್ಷಿಕೋತ್ಸವದ ವಿಡಿಯೋ ನೋಡಿದವರಿಗೆ ವ್ಯತ್ಯಾಸ ಗೊತ್ತಾಗಿರಬೇಕು.

ಉಳಿದದ್ದು ಮೇಡಂ ಅವರ ವಿಡಿಯೋ. ಅದನ್ನು ಮತ್ತೆ ತೆಗೆಯುವಂತಿಲ್ಲ. ಒಂದು ದಿನ ಅದನ್ನೇ ನೋಡುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಶಾಲು ಹೊದಿಸಿ ನೆನಪಿನ ಕಾಣಿಕೆ ಕೊಡುವಾಗ ಎಲ್ಲರೂ ಫೋಟೋಗೆಂದು ಬೊಂಬೆಯ ಹಾಗೆ ನಿಲ್ಲುತ್ತಾರಲ್ಲ, ಮೇಡಂ ಕೂಡ ಎರಡು ಸೆಕೆಂಡು ಅಲುಗದೆ ನಿಂತಿದ್ದರು. ಎರಡು ಸೆಕೆಂಡು ಎಂದರೆ 50 ಚಿತ್ರ. ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಕೂಡಿಸಬಹುದಾದರೆ ಹಿಂದುಮುಂದಿನ ಚಿತ್ರಗಳನ್ನೂ ಕೂಡಿಸಬಹುದಲ್ಲ? ಮುಖ ಇದ್ದಲ್ಲೇ ಇರುತ್ತದೆ, ಕಾಳುಗಳು ಮಾತ್ರ ಜಾಗ ಬದಲಿಸುತ್ತವೆ. 50ರ ವರ್ಗಮೂಲ ಸುಮಾರು 7. ನಾಯ್ಸ್ ಏಳನೇ ಒಂದಕ್ಕೆ ಇಳಿಯಬೇಕು. ಕಂಪ್ಯೂಟರ್ ಸೈನ್ಸ್ ಮೇಡಂ ಸಹಾಯದಿಂದ ಐವತ್ತು ಚಿತ್ರಗಳನ್ನು ಬಿಡಿಬಿಡಿಯಾಗಿ ತೆಗೆದು, ಪ್ರತಿ ಚುಕ್ಕೆಯ ಸರಾಸರಿ ಹಿಡಿಯುವ ಹತ್ತು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದೆವು.

ಏಳು ಪಟ್ಟು ಸಿಗಲಿಲ್ಲ, ಕಾರ್ಡಿಗೆ ಬರೆಯುವಾಗಲೇ ಅಳಿಸಿಹೋದದ್ದು ಮರಳಿ ಬರುವುದಿಲ್ಲ. ಕಾಣಿಕೆಯ ಮೇಲಿನ ಅಕ್ಷರ ಇನ್ನೂ ಓದಲು ಬರುವುದಿಲ್ಲ. ಆದರೆ ಕನ್ನಡಕದ ಚೌಕಟ್ಟು ಮೂಡಿತು, ಅದರ ಹಿಂದೆ ಕಣ್ಣು ಮೂಡಿತು. ನಗುತ್ತಿದ್ದರೋ ಅಳು ತಡೆದುಕೊಂಡಿದ್ದರೋ ಎಂದು ನಮಗೆ ಗೊತ್ತಿರಲಿಲ್ಲ. ನಗುತ್ತಿದ್ದರು. ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ನಾನೂ ನನ್ನ ಬೆಂಚಿನ ಗೆಳೆಯನೂ ಅವರ ಮನೆಗೆ ಹೋಗಿ ಕೊಟ್ಟು ಬಂದೆವು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಎಂಟು ನಿಮಿಷ ಮಾತಾಡಿದ್ದೆನಲ್ಲೋ, ಅದೆಲ್ಲ ಎಲ್ಲಿ?" ಎಂದು ಕೇಳಿದರು. ದನಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿದ್ದೆ.